ಆಕ್ವರ್ಡ್: ದಂಡಿನಲ್ಲಿ ಒಂದು ಇಂಗ್ಲಿಷ್ ಪದದ ಎರಡು ಶತಮಾನ

ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗಿನ ಬೆಂಗಳೂರಿನಲ್ಲಿ ಕನ್ನಡ ಕೇಳಿಸಿಕೊಳ್ಳುವವರಿಗೆ "ನಂಗೆ ಒಂಥರಾ ಆಕ್ವರ್ಡ್ ಆಯ್ತು" ಎಂಬ ಮಾತು ಹೊಸದೇನಲ್ಲ. ಮದುವೆ ಮನೆಯಲ್ಲಿ ಹಳೆಯ ಸಾಲಗಾರ ಎದುರಾದಾಗ, ಆಫೀಸಿನ ಲಿಫ್ಟಿನಲ್ಲಿ ಬೈದಾಡಿಕೊಂಡ ಇಬ್ಬರೇ ಉಳಿದಾಗ ಈ ಮಾತು ಬರುತ್ತದೆ. ಆದರೆ ಇದೇ ಜನ, ಬಡಿಸುವಾಗ ಸಾರಿನ ಬಕೆಟ್ಟು ಉರುಳಿಸಿದವನನ್ನು ಆಕ್ವರ್ಡ್ ಎನ್ನುವುದಿಲ್ಲ. ಅವನು "ಎಡವಟ್ಟು ಮಾಡ್ಕೊಂಡ". ಸೊಟ್ಟಸೊಟ್ಟಾಗಿ ಕುಣಿದವಳ ನೃತ್ಯಕ್ಕೂ ಆ ಪದ ಬಳಕೆಯಾಗದು. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ ಸಲ್ಲುತ್ತದೆ. ಲಾಲಿತ್ಯವಿಲ್ಲದ್ದು, ಕೈಗೆ ಬಾರದ್ದು, ಮನಸ್ಸಿಗೆ ಹಿಂಸೆಯಾಗುವಂಥದ್ದು ಎಂಬ ಮೂರು ಅರ್ಥಗಳ ಪೈಕಿ ಕನ್ನಡ ಕೊನೆಯದನ್ನು ಮಾತ್ರ ಒಳಗೆ ಬಿಟ್ಟುಕೊಂಡದ್ದೇಕೆ ಎಂಬುದು ಈ ಲೇಖನದ ಪ್ರಶ್ನೆ. ಉತ್ತರದ ಒಂದು ಭಾಗ ದಂಡಿನ, ಅಂದರೆ ಬೆಂಗಳೂರಿನ ಬ್ರಿಟಿಷ್ ಕಂಟೋನ್ಮೆಂಟಿನ, ಚರಿತ್ರೆಯಲ್ಲಿದೆ, ಇನ್ನೊಂದು ಭಾಗ ಕನ್ನಡದ ವಾಕ್ಯರಚನೆಯಲ್ಲಿದೆ. ಎರಡನೆಯದೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಪದದ ಹುಟ್ಟಿನಿಂದ ಆರಂಭಿಸಬೇಕು. ಮಧ್ಯಕಾಲೀನ ಇಂಗ್ಲಿಷಿನಲ್ಲಿ 'ಆಕ್' ಎಂದರೆ ಹಿಂದುಮುಂದಾದದ್ದು, ತಪ್ಪು ದಿಕ್ಕಿಗೆ ತಿರುಗಿದ್ದು. ಸ್ಕ್ಯಾಂಡಿನೇವಿಯದ ಭಾಷೆಯಿಂದ ಬಂದ ಪದವಿದು. ದಿಕ್ಕನ್ನು ಸೂಚಿಸುವ 'ವರ್ಡ್' ಪ್ರತ್ಯಯ ಸೇರಿ 14ನೇ ಶತಮಾನದಲ್ಲಿ ಆಕ್ವರ್ಡ್ ಎಂಬುದು 'ತಪ್ಪು ಕಡೆಗೆ' ಎಂಬ ಕ್ರಿಯಾವಿಶೇಷಣವಾಗಿತ್ತು. 16ನೇ ಶತಮಾನದಲ್ಲಿ ಅದು ಚಲನೆಯಲ್ಲಿ ಸೊಗಸಿಲ್ಲದವನಿಗೆ ಅಂಟಿತು. 18ನೇ ಶತಮಾನದ ಆದಿಯಲ್ಲಿ ಮುಜುಗರದ ಅರ್ಥವೂ ಕೂಡಿಕೊಂಡಿತು. ದಿಕ್ಕಿನಿಂದ ಮೈಗೆ, ಮೈಯಿಂದ ಮನಸ್ಸಿಗೆ ಪದ ಹೀಗೆ ಸರಿಯಿತು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಪದಕ್ಕೆ ಕೊಟ್ಟ ಮೊದಲ ಅರ್ಥಸಮೂಹದಲ್ಲಿ ಸೊಗಸಿಲ್ಲದ, ಸಂಸ್ಕಾರವಿಲ್ಲದ, ಕಲಿಯದ ಎಂಬ ಛಾಯೆಗಳೆಲ್ಲ ಒಟ್ಟಿಗಿವೆ. ಕೈಕಾಲಿನ ಒಡ್ಡುತನವೂ ಸಂಸ್ಕಾರದ ಕೊರತೆಯೂ ಒಂದೇ ಪದದಡಿ ಸೇರಿಕೊಂಡಿದ್ದನ್ನು ಗಮನಿಸಬೇಕು.

ಇದರ ನೆಂಟರಿಷ್ಟರೂ ಸ್ವಾರಸ್ಯವುಳ್ಳವರೇ. ಫ್ರೆಂಚಿನಿಂದ ಬಂದ 'ಗೋಶ್' ಎಂದರೆ ಎಡ. 'ಅನ್‌ಗೇನ್ಲಿ' ಎಂಬುದರ ಬೇರು 'ನೇರವಲ್ಲದ್ದು'. 'ಕ್ಲಂಸಿ' ಹುಟ್ಟಿದ್ದು ಚಳಿಗೆ ಮರಗಟ್ಟಿದ ಬೆರಳುಗಳಿಂದ. ಹಿಮದ ಸೀಮೆಯ ಬೆರಳಿನ ಪದ, ಡಿಸೆಂಬರಿನಲ್ಲೂ ಒಂದು ಸ್ವೆಟರಿಗೆ ಮುಗಿಯುವ ಚಳಿಯ ಊರಿಗೆ ಬಂದು ಅಡುಗೆಯವರನ್ನು ಬೈಯಲು ಬಳಕೆಯಾಯಿತು.

ದಂಡು ಬೆಂಗಳೂರಿನಲ್ಲಿ ನೆಲೆಗೊಂಡದ್ದು 1809ರಲ್ಲಿ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಪಡೆಗಳಿಗೆ ಹಲಸೂರಿನ ಸುತ್ತಲಿನ ಎತ್ತರದ ಬಯಲು ಹಿಡಿಸಿತು. ಮುಂದೆ ಮದ್ರಾಸ್ ಸ್ಯಾಪರ್ಸ್ ಪಡೆಯೂ ಹಲಸೂರು ಕೆರೆಯ ಮಗ್ಗುಲಿಗೆ ಬಂತು. ಇಂದಿಗೂ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಅಲ್ಲೇ ಇದೆ, ಅದರ ಸಿಪಾಯಿಗಳನ್ನು 'ತಂಬಿ' ಎಂದೇ ಕರೆಯುತ್ತಾರೆ. ಊರಿನ ನಡುವೆ ದೊಡ್ಡ ಪೆರೇಡ್ ಮೈದಾನ, ಅದರ ದಕ್ಷಿಣಕ್ಕೆ ಸೌತ್ ಪೆರೇಡ್, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆ. ಬೀದಿಯ ಹೆಸರಿಗೇ ಕವಾಯತು ಅಂಟಿಕೊಂಡಿದ್ದ ಊರಿನಲ್ಲಿ ಆಕ್ವರ್ಡ್ ಪದಕ್ಕೆ ಒಂದು ಅಧಿಕೃತ ಕೆಲಸವಿತ್ತು. ಹೆಜ್ಜೆ ಕೂಡದ, ಬಂದೂಕು ಹಿಡಿಯಲು ಬಾರದ ಹೊಸಬರನ್ನು ಸಾಲಿನಿಂದ ಬೇರ್ಪಡಿಸಿ ನಿಲ್ಲಿಸಿದ ಗುಂಪನ್ನು ಬ್ರಿಟಿಷ್ ಸೇನೆಯ ಮಾತಿನಲ್ಲಿ 'ಆಕ್ವರ್ಡ್ ಸ್ಕ್ವಾಡ್' ಎನ್ನುತ್ತಿದ್ದರು. 1796ರಲ್ಲಿ ತೀರಿಕೊಂಡ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್, ತನ್ನ ಗೋರಿಯ ಮೇಲೆ ಈ ಗುಂಪು ಗುಂಡು ಹಾರಿಸದಿರಲಿ ಎಂದು ಸಾಯುವ ಮುನ್ನ ತಮಾಷೆ ಮಾಡಿದನೆಂಬ ಪ್ರತೀತಿ ಇದೆ. ಅಷ್ಟರ ಹೊತ್ತಿಗೆ ಮಾತು ಅಷ್ಟು ಬಳಕೆಯಲ್ಲಿತ್ತು.

ಕವಾಯತಿನ ಮೊದಲ ಹೆಜ್ಜೆ ಎಡಗಾಲು. ಹೊಸಮನೆಗೆ, ಅತ್ತೆಮನೆಗೆ ಬಲಗಾಲಿಟ್ಟು ಒಳಗೆ ಬರುವ ನಾಡಿನ ಹುಡುಗನಿಗೆ ಸಾರ್ಜೆಂಟು ಎಡಗಾಲು ಮುಂದಿಡಲು ಕೂಗಿ ಹೇಳುತ್ತಿದ್ದ. ಎಡದ ಬಗೆಗೆ ಕನ್ನಡಕ್ಕೂ ಇಂಗ್ಲಿಷಿಗೂ ಹಳೆಯ ಅನುಮಾನವಿದೆ, ಎಡಗೈಯಲ್ಲಿ ಕೊಡಬಾರದು ಎನ್ನುತ್ತೇವೆ, ಸಿಡುಕುವವನನ್ನು "ಎಡಮಗ್ಗುಲಲ್ಲಿ ಎದ್ದೆಯಾ" ಎಂದು ಕೇಳುತ್ತೇವೆ. ಕವಾಯತು ಮಾತ್ರ ಈ ಲೆಕ್ಕಕ್ಕೆ ಹೊರಗು. ಅಲ್ಲಿ ಸೊಗಸು ಎಂದರೆ ಎಲ್ಲರೂ ಒಂದೇ ಕ್ಷಣಕ್ಕೆ ಒಂದೇ ಕಾಲು ಎತ್ತುವುದು. ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದವನು ಮೈದಾನಕ್ಕೆ ಬಂದೊಡನೆ ಒಡ್ಡನಾದನೆಂದರೆ ಅವನ ಕಾಲಿನಲ್ಲೇನೂ ಬದಲಾಗಿರಲಿಲ್ಲ, ಅಳೆಯುವ ಕೋಲು ಬದಲಾಗಿತ್ತು.

ಮಾತಿನಲ್ಲೂ ಇದೇ ಆಯಿತು. ಬಂಗಲೆಗಳ ಬಟ್ಲರು, ಆಯಾ, ಕುದುರೆ ನೋಡಿಕೊಳ್ಳುವ ಸಾಯಿಸರು ಆಡುತ್ತಿದ್ದ ಇಂಗ್ಲಿಷಿಗೆ 'ಬಟ್ಲರ್ ಇಂಗ್ಲಿಷ್' ಎಂಬ ಹೆಸರು ಬಿತ್ತು. 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್‌ರ 'ಹಾಬ್ಸನ್-ಜಾಬ್ಸನ್' ಕೋಶ ಅದನ್ನು ಮದ್ರಾಸ್ ಪ್ರಾಂತದ ಆಳುಗಳ ಮುರುಕು ಭಾಷೆ ಎಂದು ದಾಖಲಿಸಿ ನಕ್ಕಿತು. ಐದು ವರ್ಷದ ನಂತರ ಆಸ್ಟ್ರಿಯದ ಗ್ರಾಟ್ಸ್‌ನಲ್ಲಿದ್ದ ಭಾಷಾಶಾಸ್ತ್ರಜ್ಞ ಹ್ಯೂಗೋ ಶುಖಾರ್ಟ್ ಅದನ್ನೇ ಅಧ್ಯಯನದ ವಸ್ತುವಾಗಿ ತೆಗೆದುಕೊಂಡ. ಆ ಭಾಷೆಯಲ್ಲಿ 'ಇಂಗ್' ಹಚ್ಚಿದ ವರ್ತಮಾನರೂಪ ಭವಿಷ್ಯವನ್ನು ಹೇಳುತ್ತಿತ್ತು. ಮುಗಿದ ಕೆಲಸಕ್ಕೆ ಕ್ರಿಯಾಪದದ ಮುಂದೆ 'ಡನ್' ಬರುತ್ತಿತ್ತು. ಕೋಶಕಾರರಿಗೆ ಇದು ವಿಕಾರವಾಗಿ ಕಂಡಿತು. ಕನ್ನಡ ಬಲ್ಲವರಿಗೆ ಇದರಲ್ಲಿ ವಿಕಾರವೇನಿದೆ? ನಾವು "ನಾಳೆ ಬರ್ತೀನಿ" ಎನ್ನುವಾಗ ವರ್ತಮಾನದ ರೂಪವನ್ನೇ ನಾಳೆಗೂ ಬಳಸುತ್ತೇವೆ. "ಹೇಳಿ ಆಯ್ತು" ಎನ್ನುವಾಗ ಮುಗಿತಾಯಕ್ಕೆ ಬೇರೊಂದು ಪದ ಜೋಡಿಸುತ್ತೇವೆ. ತಮಿಳಿನಲ್ಲೂ ಇಂಥ ರಚನೆಗಳಿವೆ, ದಂಡಿನ ಆಳುಗಳಲ್ಲಿ ಹೆಚ್ಚಿನವರು ತಮಿಳರು. ಬಟ್ಲರನ ನಾಲಿಗೆ ತನ್ನ ತಾಯ್ನುಡಿಯ ಕಟ್ಟಿನೊಳಗೆ ಸರಾಗವಾಗಿಯೇ ಓಡುತ್ತಿತ್ತು. ಒಡ್ಡೊಡ್ಡಾಗಿ ಕಂಡದ್ದು ಸಾಹೇಬನ ಕಿವಿಗೆ.

ಈ ಸಂದರ್ಭದಲ್ಲಿ ಒಬ್ಬ ಸಾಹೇಬನನ್ನು ನೆನೆಯದಿರಲಾಗದು. 1896ರಲ್ಲಿ ನಾಲ್ಕನೇ ಹುಸಾರ್ಸ್ ಪಡೆಯೊಡನೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ಗೆ ಆಗ 21 ವರ್ಷ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅವನು ತೀರಿಸದ 13 ರೂಪಾಯಿಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ನಮಗೆ ಬೇಕಾದ ಸಂಗತಿ 1930ರ ಅವನ ಆತ್ಮಕಥನದಲ್ಲಿದೆ. ತಾನು ಧಾರಾಳವಾಗಿ ಬಳಸುತ್ತಿದ್ದ ಎಷ್ಟೋ ಇಂಗ್ಲಿಷ್ ಪದಗಳ ಖಚಿತ ಅರ್ಥ ತನಗೇ ತಿಳಿಯದೆಂದು ಅವನಿಗೆ ಹೊಳೆದದ್ದು ಬೆಂಗಳೂರಿನ ಆ ಚಳಿಗಾಲದಲ್ಲಿ. ನಂತರ ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ ಇತಿಹಾಸಕಾರರಾದ ಗಿಬ್ಬನ್, ಮೆಕಾಲೆಯರನ್ನು ಓದುತ್ತ ಕೂತ. ಅಂಥ ಬಂಗಲೆಗಳ ಹಿತ್ತಿಲಲ್ಲಿ ಬಟ್ಲರರೂ ಇಂಗ್ಲಿಷ್ ಕಲಿಯುತ್ತಿದ್ದರು, ಅವರಿಗೆ ಗಿಬ್ಬನ್ ಸಿಗಲಿಲ್ಲ.

ನಿಘಂಟುಕಾರರ ಪಾಡು ಬೇರೆಯದು. ಲಂಡನ್ ಮಿಷನ್ನಿನ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದಾಗ ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿ, ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ ಮದ್ರಾಸಿನಿಂದ ಹೊರಬಂದವು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಫರ್ಡಿನಂಡ್ ಕಿಟ್ಟೆಲ್‌ರ ಕೋಶ ಬಂದದ್ದು 1894ರಲ್ಲಿ, ಮಂಗಳೂರಿನಿಂದ. ಆದರೂ ಕಿಟ್ಟೆಲ್ಲರ ಪ್ರತಿಮೆ ನಿಂತಿರುವುದು ದಂಡಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಪಕ್ಕದ ಆಸ್ಟಿನ್ ಟೌನಿಗೂ ಅವರ ಹೆಸರಿಟ್ಟಿದೆ. ಈ ಪಾದ್ರಿಗಳಿಗೆ ಲಾಲಿತ್ಯದ ವಿಷಯ ಬರಿಯ ಸೌಂದರ್ಯದ ವಿಷಯವಾಗಿರಲು ಸಾಧ್ಯವಿರಲಿಲ್ಲ. ಇಂಗ್ಲಿಷಿನ 'ಗ್ರೇಸ್' ಏಕಕಾಲಕ್ಕೆ ನರ್ತಕಿಯ ಬೆಡಗೂ ಹೌದು, ದೇವರ ಕೃಪೆಯೂ ಹೌದು. 'ಗ್ರೇಸ್‌ಲೆಸ್' ಎಂಬ ಪದ ಮೊದಲು ಸೂಚಿಸಿದ್ದು ದೈವಕೃಪೆಗೆ ಹೊರತಾದ ಪಾಪಿಯನ್ನು, ಚೆಂದವಿಲ್ಲದ ನಡಿಗೆಯ ಅರ್ಥ ಆಮೇಲಿನದು. ರೀವ್ ಕೋಶಕಾರನಷ್ಟೇ ಅಲ್ಲ, ಜಾನ್ ಹ್ಯಾಂಡ್ಸ್‌ರೊಡನೆ ಬೈಬಲನ್ನು ಕನ್ನಡಕ್ಕೆ ತಂದವನೂ ಹೌದು. ಕನ್ನಡದಲ್ಲಿ ಈ ಎರಡು ಅರ್ಥಗಳಿಗೆ ಒಂದೇ ಪದ ಹೊಂದದು. ಇಂದಿನ ಕನ್ನಡ ಬೈಬಲಿನಲ್ಲಿ ಇರುವುದು ಕೃಪೆ; ಲಾಲಿತ್ಯ, ನಯ, ಒಯ್ಯಾರ, ಬೆಡಗು ಚರ್ಚಿನ ಹೊರಗೇ ಉಳಿದವು. ಕೃಪೆಯಿಲ್ಲದವನು ಸೊಗಸುಗಾರನಾಗಿರಬಹುದು, ಸೊಟ್ಟಗಾಲಿನವನು ಕೃಪೆಗೆ ಪಾತ್ರನಾಗಬಹುದು. ಇಲ್ಲಿ ಕನ್ನಡವೇ ಹೆಚ್ಚು ನ್ಯಾಯವಂತ ಎನಿಸುತ್ತದೆ.

ಇಂಗ್ಲಿಷ್-ಕನ್ನಡ ಕೋಶಗಳಲ್ಲಿ ಆಕ್ವರ್ಡ್‌ನಂಥ ಪದಗಳ ಎದುರು ಕನ್ನಡ ಪದಗಳು ಸಾಲುಗಟ್ಟುವುದು ಈ ಕಾರಣಕ್ಕೇ. ಒಡ್ಡಾದ, ಅಂದಗೆಟ್ಟ, ಒರಟಾದ, ಪೇಚಿನ, ಮುಜುಗರದ ಎಂಬ ಪದಗಳು ಒಂದರ ಬದಲಿಗೆ ಒಂದು ಬರುವಂಥವಲ್ಲ. ಒಡ್ಡುತನ ಮೈಯದು, ಕೆಲಸದ್ದು. ಒರಟು ನಡತೆಯದು. ಪೇಚು ಸಂದರ್ಭದ್ದು, ಪಾರಸಿಯಲ್ಲಿ ತಿರುಚನ್ನು ಸೂಚಿಸುವ ಪದ ಅದು. ಎಡವಟ್ಟು ನಡೆದುಹೋದ ಘಟನೆ. ಅದರಲ್ಲಿ ಎಡ ಕಣ್ಣಿಗೆ ಬೀಳುತ್ತದೆಂದು ಫ್ರೆಂಚಿನ ಗೋಶ್ ಜೊತೆ ಜೋಡಿ ಮಾಡುವ ಆಸೆ ಯಾರಿಗಾದರೂ ಬಂದೀತು, ಆದರೆ ಎಡವು ಎಂಬ ಕ್ರಿಯಾಪದವೂ ಪಕ್ಕದಲ್ಲೇ ಇರುವಾಗ ಆ ಆತುರ ಒಳ್ಳೆಯದಲ್ಲ.

ಜಾನ್ಸನ್ ಒಟ್ಟುಗೂಡಿಸಿದ ಸಂಸ್ಕಾರದ ಕೊರತೆ ಕನ್ನಡಕ್ಕೆ ಅಪರಿಚಿತವೆಂದು ಇದರರ್ಥವಲ್ಲ. ಸಂಸ್ಕೃತದ ಆಲಂಕಾರಿಕ ದಂಡಿ ಕಾವ್ಯದ ಮಾಧುರ್ಯವನ್ನು ಹೇಳುವಾಗ ಗ್ರಾಮ್ಯವನ್ನು ದೂರವಿಡುತ್ತಾನೆ. ಅವನ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಆಧರಿಸಿದ 9ನೇ ಶತಮಾನದ 'ಕವಿರಾಜಮಾರ್ಗ'ವೂ ಕಾವ್ಯದ ದೋಷಗಳನ್ನು ವಿವರವಾಗಿ ಚರ್ಚಿಸುತ್ತದೆ. ಹಳ್ಳಿಯವನೆಂದರೆ ನಯವಿಲ್ಲದವನು ಎಂಬ ತೀರ್ಮಾನ ನಮ್ಮ 'ಗಮಾರ'ದಲ್ಲೂ ಇದೆ. ಊರಿನವನು ಹಳ್ಳಿಯವನನ್ನು ನೋಡಿ ಮೂಗು ಮುರಿಯಲು ದಂಡು ಬರಬೇಕಾಗಿರಲಿಲ್ಲ.

ಈಗ ವಾಕ್ಯರಚನೆಗೆ ಬರೋಣ. ಕನ್ನಡದಲ್ಲಿ ಕೊರತೆಯನ್ನು ಹೇಳುವಾಗ ಕೊರತೆಯುಳ್ಳವನು ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತಾನೆ: ಅವನು ಒಡ್ಡ, ಅವಳು ಒರಟು. ಅನುಭವವನ್ನು ಹೇಳುವಾಗ ಅನುಭವಿಸುವವನು ಚತುರ್ಥಿಗೆ ಸರಿಯುತ್ತಾನೆ: ನನಗೆ ಮುಜುಗರವಾಯಿತು, ಅವಳಿಗೆ ಇರುಸುಮುರುಸಾಯಿತು, ನಮಗೆ ಕಸಿವಿಸಿಯಾಯಿತು. ಚತುರ್ಥಿಯಲ್ಲಿ ನಿಂತವನ ಮೇಲೆ ದೂರಿಲ್ಲ. ಮುಜುಗರ ಅವನ ಗುಣವಲ್ಲ, ಅವನಿಗೆ ಆದದ್ದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಬರುವುದರಿಂದ, ಯಾರನ್ನಾದರೂ ಆಕ್ವರ್ಡ್ ಎಂದರೆ ಕೊರತೆ ಅವರದೋ ಮುಜುಗರ ನಮ್ಮದೋ ಎಂಬುದು ತೇಲಿಹೋಗುತ್ತದೆ. ಸಾರ್ಜೆಂಟಿಗೂ ಹಾಬ್ಸನ್-ಜಾಬ್ಸನ್ ಕೋಶಕಾರರಿಗೂ ಆ ತೇಲಿಕೆ ಅನುಕೂಲವಾಗಿತ್ತು. ತಮ್ಮ ಕಣ್ಣಿಗೆ, ಕಿವಿಗೆ ಆದ ಇರುಸುಮುರುಸು ಎದುರಿನವನ ದೋಷವಾಗಿ ದಾಖಲಾಯಿತು.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು, ಅಂದರೆ ಆಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಸೇರಿದ್ದು 1947ರ ಜುಲೈ ಕೊನೆಯಲ್ಲಿ, ಪೇಟೆ ಮತ್ತು ದಂಡು ಒಂದೇ ನಗರ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕನ್ನಡ ದಂಡಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಆಮೇಲೆ. ನಗರದ ಪೂರ್ವ ದಿಕ್ಕಿನಲ್ಲಿ 1940ರ ಎಚ್‌ಎಎಲ್, ಕೆ.ಆರ್. ಪುರದ ಬಳಿ 1948ರ ಐಟಿಐ ದೂರವಾಣಿ ಕಾರ್ಖಾನೆ, ಅವುಗಳ ಸುತ್ತ ಬೆಳೆದ ಬಡಾವಣೆಗಳು, ಕೊನೆಗೆ ಸಾಫ್ಟ್‌ವೇರ್ ಕಚೇರಿಗಳು ಕನ್ನಡವನ್ನೂ ಇಂಗ್ಲಿಷನ್ನೂ ಒಂದೇ ಕ್ಯಾಂಟೀನಿನ ಮೇಜಿಗೆ ತಂದವು. ಆ ಹೊತ್ತಿಗೆ ಇಂಗ್ಲಿಷಿನಲ್ಲೇ ಆಕ್ವರ್ಡ್‌ನ ಭಾರ ಮೈಯಿಂದ ಮನಸ್ಸಿಗೆ ಬಹುಪಾಲು ಜಾರಿತ್ತು. ಕನ್ನಡಿಗರು ಅದನ್ನು ಎತ್ತಿಕೊಂಡು ಇಟ್ಟದ್ದು ಮುಜುಗರದ ಜಾಗದಲ್ಲಿ, ಅದೂ ಚತುರ್ಥಿಯ ವಾಕ್ಯದೊಳಗೆ. "ಅವನು ಆಕ್ವರ್ಡ್" ಎಂಬ ವಾಕ್ಯ ಈಗಲೂ ಕನ್ನಡದಲ್ಲಿ ಕಾಲೂರಿಲ್ಲ, "ನಂಗೆ ಆಕ್ವರ್ಡ್ ಆಯ್ತು" ಬೇರು ಬಿಟ್ಟಿದೆ.

ಎರವಲು ಪದಗಳಿಗೆಂದೇ ಜಿ. ವೆಂಕಟಸುಬ್ಬಯ್ಯನವರು ಕೋಶವೊಂದನ್ನು ಮಾಡಿಕೊಟ್ಟಿದ್ದಾರೆ. ಅಂಥ ಕೋಶದಲ್ಲಿ ಮುಂದೆ ಆಕ್ವರ್ಡ್‌ಗೆ ಒಂದು ನಮೂದು ಬರೆಯುವವರು ಇಂಗ್ಲಿಷ್ ನಿಘಂಟಿನ ಅರ್ಥಗಳನ್ನೆಲ್ಲ ಇಳಿಸಿಕೊಳ್ಳಬೇಕಾಗಿಲ್ಲ. ನಾಮಪದ, 'ಆಗು' ಕ್ರಿಯಾಪದದೊಡನೆ, ಅನುಭವಿಸುವವರು ಚತುರ್ಥಿಯಲ್ಲಿ, ಅರ್ಥ ಇರುಸುಮುರುಸು ಎಂದು ಬರೆದರೆ ಸಾಕು. ಒಡ್ಡುತನದ ಅರ್ಥಕ್ಕೆ ಕನ್ನಡದಲ್ಲಿ ಬಳಕೆಯ ಆಧಾರ ಸಿಗುವುದಿಲ್ಲ.