ಪಿಟೀಲೂ ಹೊರಗಿನಿಂದಲೇ ಬಂದದ್ದು: ಪ್ರಾಜೆಕ್ಟ್ ವಿಡಿಯೊಗೆ ಯಾವ ಹಾಡು?

ನಮ್ಮ ಹಳ್ಳಿಗಳಿಂದ ಬಸವನಗುಡಿ, ಮಲ್ಲೇಶ್ವರದ ಕಡೆ ಓದಲು ಹೋದ ಮಕ್ಕಳಿಗೆ ಕಾಲೇಜಿನಲ್ಲಿ ಮ್ಯೂಸಿಕ್ ವಿಡಿಯೊ ಮಾಡುವ ಪ್ರಾಜೆಕ್ಟ್ ಬರುವುದುಂಟು. ಯಾವ ಹಾಡು ಅಂದರೆ ಕೆಲವರು ‘ಪಾಪ್-ಪಂಕ್’ ಅನ್ನುತ್ತಾರೆ. ಮನೆಯ ಹಿರಿಯರು ‘ಅದೆಂಥ ಗದ್ದಲ, ನಮ್ಮದಲ್ಲ ಅದು’ ಅನ್ನುತ್ತಾರೆ. ಇಬ್ಬರೂ ಹಳೇ ಬೆಂಗಳೂರಿನ ಹಾಡಿನ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮೊದಲು, ಏನಿದು ಪಾಪ್-ಪಂಕ್? 1976ರಲ್ಲಿ ನ್ಯೂಯಾರ್ಕಿನ ರಮೋನ್ಸ್ ತಂಡ ಮೊದಲ ಆಲ್ಬಂ ತಂದಿತು. ಎರಡು-ಎರಡೂವರೆ ನಿಮಿಷದ ಹಾಡು, ಗಿಟಾರಿನಲ್ಲಿ ಮೂರ್ನಾಲ್ಕು ಕಾರ್ಡ್, ಓಡುವ ಡ್ರಮ್. ದೊಡ್ಡ ವಿದ್ವತ್ತು ಬೇಡ, ಎದೆಯಲ್ಲಿ ಮಾತಿದ್ದರೆ ಸಾಕು ಅನ್ನುವ ಧೈರ್ಯ ಅದು. 1994ರಲ್ಲಿ ಗ್ರೀನ್ ಡೇ, 1999ರಲ್ಲಿ ಬ್ಲಿಂಕ್-182 ತಂಡಗಳ ಆಲ್ಬಂಗಳು ಅದೇ ವೇಗಕ್ಕೆ ಗುನುಗುವಂಥ ಧಾಟಿ ಸೇರಿಸಿ ಜಗತ್ತಿನ ತುಂಬ ಹರಡಿದವು. ಬೇಸರ, ಗೆಳೆತನ, ಊರು ಬಿಟ್ಟುಹೋಗುವ ಆಸೆ ಈ ಹಾಡುಗಳ ವಸ್ತು. ಹಾಸ್ಟೆಲ್ ಸೇರಿದ ಹುಡುಗ ಹುಡುಗಿಯರಿಗೆ ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ‘ನಮ್ಮದಲ್ಲ’ ಅನ್ನುವ ಮಾತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಪಿಟೀಲು ಕೇಳದ ವರ್ಷವಿಲ್ಲ. ಆ ಪಿಟೀಲು ಯುರೋಪಿನಿಂದ ಬಂದದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಆಮೇಲೆ ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡರು. ಕಾರಣ ಸರಳ: ಮೈಕ್ ಸರಿಯಾಗಿಲ್ಲದ ಕಾಲ, ಹಿಂದಿನ ಸಾಲಿನವರಿಗೂ ಕೇಳಬೇಕಿತ್ತು. ಜೋರು ದನಿ ಅವತ್ತೂ ಬೇಕಾಗಿತ್ತು! 1980ರಲ್ಲಿ ಮಲ್ಲೇಶ್ವರದ ಮಗ್ಗುಲಿಗೇ, ವೈಯಾಲಿಕಾವಲ್‌ನಲ್ಲಿ, ಅವರ ನೆನಪಿಗೆ ಪಿಟೀಲಿನ ಆಕಾರದ ಸಭಾಭವನವೇ ಎದ್ದಿತು. ಪಿಟೀಲು ಒಗ್ಗಿದ ನೆಲಕ್ಕೆ ಗಿಟಾರ್ ಒಗ್ಗದೇ?

ಆದರೆ ಹಾಡು ಆರಿಸುವಾಗ ಇನ್ನೊಂದು ಪ್ರಶ್ನೆ ಇದೆ: ಹಾಡು ಯಾರದು? 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಪುಸ್ತಕದಲ್ಲಿದ್ದ ಕವಿತೆ ಮನೆಮನೆಯ ಟೇಪ್ ರೆಕಾರ್ಡರ್‌ಗೆ ಬಂತು. ಜತೆಗೆ ಒಂದೇ ಹಾಡಿನಲ್ಲಿ ಮೂರು ಹಕ್ಕುಗಳು ಸೇರಿದವು: ಪದ, ಧಾಟಿ, ಧ್ವನಿಮುದ್ರಣ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ನಿಸಾರ್ ಅಹಮದ್ ತೀರಿಕೊಂಡದ್ದು 2020ರಲ್ಲಿ. ಅಂದರೆ ಅವರ ಪದಗಳ ಹಕ್ಕು 2080ರವರೆಗೆ ಇರುತ್ತದೆ. ಬ್ಲಿಂಕ್-182ರ ಹಾಡಿಗೂ ಹಕ್ಕುದಾರರಿದ್ದಾರೆ. ತರಗತಿಯೊಳಗೆ ಹಾಡಿ ತೋರಿಸುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಅಲ್ಲಿ ಹಕ್ಕುದಾರರು ವಿಡಿಯೊ ತಡೆಯಬಹುದು, ಅದರ ಜಾಹೀರಾತಿನ ಹಣ ತಾವೇ ಪಡೆಯಬಹುದು. ಆರು ತಿಂಗಳ ದುಡಿಮೆ ಊರಿನವರಿಗೆ ಕಾಣದೇ ಹೋಗಬಹುದು.

ಹಾಗಾದರೆ ದಾರಿ? ಹಾವೇರಿ ಸೀಮೆಯ ಶಿಶುನಾಳ ಶರೀಫರನ್ನು ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ತತ್ವಪದಗಳು ಈಗ ಎಲ್ಲರ ಸೊತ್ತು. 1990ರ ಸಿನಿಮಾದಲ್ಲಿ ಸಿ. ಅಶ್ವತ್ಥ್ ಅವಕ್ಕೆ ಒಂದು ಧಾಟಿ ಕೊಟ್ಟರು. 2008ರ ಆಲ್ಬಂನಲ್ಲಿ ರಘು ದೀಕ್ಷಿತ್ ಗಿಟಾರು, ಡ್ರಮ್ಮು ಕೊಟ್ಟರು. ಅವರವರ ಧಾಟಿಯ, ಮುದ್ರಣದ ಹಕ್ಕು ಅವರವರ ಕಡೆಯದು, ಅದನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಪದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಅದಕ್ಕೇ ಮಕ್ಕಳಿಗೆ ನಾವು ಹೇಳುವುದಿಷ್ಟು. ಪಾಪ್-ಪಂಕ್ ಇಷ್ಟವೇ? ಅದರ ವೇಗ ತೆಗೆದುಕೊಳ್ಳಿ, ಆ ಮೂರು ಕಾರ್ಡ್ ಕಲಿಯಿರಿ. ಪದ ಶರೀಫರದಿರಲಿ, ಇಲ್ಲವೇ ನೀವೇ ಬರೆಯಿರಿ. ಧಾಟಿ ನಿಮ್ಮದಿರಲಿ, ಹಾಡುವ ದನಿ ನಿಮ್ಮ ಗೆಳೆಯರದಿರಲಿ. ಸ್ವರ ಒಂದೆರಡು ಕಡೆ ಜಾರಿದರೂ ಚಿಂತೆಯಿಲ್ಲ, ಪಂಕ್‌ಗೆ ಅದು ಒಪ್ಪುತ್ತದೆ.

ಹಿರಿಯರಿಗೆ ಒಂದು ವಿನಂತಿ: ವಿಡಿಯೊ ನಿಮ್ಮ ಫೋನಿಗೆ ಬಂದಾಗ ಗದ್ದಲ ಅಂತ ನಿಲ್ಲಿಸಬೇಡಿ, ಪದ ಕೇಳಿಸಿಕೊಳ್ಳಿ. ನಿಮ್ಮೂರ ಭಜನೆಯಲ್ಲಿ ನೀವೇ ಹಾಡಿದ ಪದ ಅದಾಗಿರಬಹುದು.