ಮಸ್ಕತ್ತಿನ ಸ್ವಾಹಿಲಿ ಮಾತು

ಮಸ್ಕತ್ತಿಗೆ ಕೆಲಸಕ್ಕೆ ಅಂತ ಬರುವವರೆಲ್ಲ ನಾಲ್ಕು ಅರಬ್ಬಿ ಶಬ್ದ ಕಲಿತುಕೊಂಡೇ ಬರ್ತಾರೆ. ನಾನೂ ಹಾಗೇ ಬಂದೆ. ಆದರೆ ಆಫೀಸಿನ ಒಮಾನಿಗಳಲ್ಲಿ ಕೆಲವರು ತಮ್ಮತಮ್ಮಲ್ಲಿ ಆಡುವ ಮಾತು ಅರಬ್ಬಿಯೇ ಅಲ್ಲ, ಸ್ವಾಹಿಲಿ! ಮೈಮೇಲೆ ಬಿಳಿ ದಿಶ್‌ದಾಶಾ, ತಲೆ ಮೇಲೆ ಕಸೂತಿಯ ಕುಮ್ಮಾ, ಜೇಬಿನಲ್ಲಿ ಒಮಾನಿನ ಪಾಸ್‌ಪೋರ್ಟು. ಮಾತು ಮಾತ್ರ ಪೂರ್ವ ಆಫ್ರಿಕಾದ್ದು. ಇವರನ್ನು ಇಲ್ಲಿ 'ಜಿಂಜಿಬಾರಿ' ಅಂತಾರೆ. ಒಮ್ಮೊಮ್ಮೆ ಸಲಿಗೆಯಿಂದ, ಒಮ್ಮೊಮ್ಮೆ ಚುಚ್ಚುವ ಹಾಗೆ. ಇವರ ಅಪ್ಪಂದಿರು, ಅಜ್ಜಂದಿರು ಒಂದು ಕಾಲಕ್ಕೆ ನಿರಾಶ್ರಿತರಾಗಿದ್ದವರು, ಅದೂ ತಮ್ಮದೇ ಪೂರ್ವಜರ ನಾಡಿನ ಬಾಗಿಲು ಮುಚ್ಚಿಸಿಕೊಂಡವರು.

ಹಿಂದಿನ ಕತೆ ಸ್ವಲ್ಪ ಹೇಳಿಬಿಡ್ತೀನಿ. 1698ರಲ್ಲಿ ಒಮಾನಿಗಳು ಮೊಂಬಾಸಾದ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ ರಾಜಧಾನಿಯನ್ನೇ ಜಾಂಜಿಬಾರಿಗೆ ಒಯ್ದ. ಲವಂಗದ ತೋಟಗಳೆದ್ದವು. 1856ರಲ್ಲಿ ಆತ ಸತ್ತಾಗ ಮಕ್ಕಳ ನಡುವೆ ಜಗಳ. ಪಂಚಾಯ್ತಿ ಮಾಡಿದ್ದು ಯಾರು ಗೊತ್ತಾ? ನಮ್ಮ ವೈಸರಾಯ್ ಲಾರ್ಡ್ ಕ್ಯಾನಿಂಗ್! 1861ರಲ್ಲಿ ಅವನು ಒಮಾನ್ ಒಬ್ಬನಿಗೆ, ಜಾಂಜಿಬಾರ್ ಇನ್ನೊಬ್ಬನಿಗೆ ಅಂತ ಪಾಲು ಮಾಡಿದ. ಜಾಂಜಿಬಾರ್ ವರ್ಷಕ್ಕೆ 40,000 ಬೆಳ್ಳಿ ನಾಣ್ಯ ಮಸ್ಕತ್ತಿಗೆ ಕೊಡಬೇಕು ಅಂತಲೂ ತೀರ್ಪಾಯಿತು. ಹೀಗೆ ಎರಡು ದೇಶವಾದರೂ ನೆಂಟಸ್ತನ ಕಡಿಯಲಿಲ್ಲ. ಮುಂಗಾರಿನ ಗಾಳಿ ನೋಡಿಕೊಂಡು ಹಾಯಿಹಡಗುಗಳು (ನಮ್ಮ ಕರಾವಳಿಯವರು ಮಂಜಿ ಅಂತೀವಲ್ಲ, ಅಂಥವು) ಓಡಾಡುತ್ತಲೇ ಇದ್ದವು.

ಲವಂಗದ ತೋಟದಲ್ಲಿ ದುಡಿದವರು ಗುಲಾಮರು. ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ, ಗುಲಾಮಗಿರಿಯನ್ನೇ ಕಾನೂನಿಂದ ತೆಗೆದದ್ದು 1897ರಲ್ಲಿ. ಜಿಂಜಿಬಾರಿ ಗೆಳೆಯರ ಹತ್ತಿರ ಈ ಮಾತು ತೆಗೆದರೆ ಸಾಮಾನ್ಯವಾಗಿ ವಿಷಯ ಬಿರಿಯಾನಿಗೆ ತಿರುಗುತ್ತದೆ :-)

1963ರ ಡಿಸೆಂಬರ್ 10ಕ್ಕೆ ಜಾಂಜಿಬಾರ್ ಬ್ರಿಟಿಷರಿಂದ ಸ್ವತಂತ್ರವಾಯಿತು. ಒಂದು ತಿಂಗಳು ಕಳೆದದ್ದಷ್ಟೇ, 1964ರ ಜನವರಿ 12ರ ಬೆಳಗಿನ ಜಾವ ದಂಗೆ. ಮುಂದೆ ನಿಂತವನು ಉಗಾಂಡಾ ಮೂಲದ ಜಾನ್ ಒಕೆಲ್ಲೊ. ಹಳೆಯ ಸಿಟ್ಟೆಲ್ಲ ಒಟ್ಟಿಗೇ ಹೊತ್ತಿಕೊಂಡಿತು. ಅರಬ್ಬರೂ ಏಷ್ಯನ್ನರೂ ಸಾವಿರಾರು ಮಂದಿ ಸತ್ತರು. ಲೆಕ್ಕ ಇವತ್ತಿಗೂ ಒಬ್ಬೊಬ್ಬರದು ಒಂದೊಂದು. ಇಟಲಿಯ ಸಿನಿಮಾ ತಂಡವೊಂದು ವಿಮಾನದಿಂದ ತೆಗೆದ ಹೆಣದ ರಾಶಿಗಳ ದೃಶ್ಯ 'ಆಫ್ರಿಕಾ ಆದ್ದಿಯೋ' ಚಿತ್ರದಲ್ಲಿದೆ. ಕೊನೆಯ ಸುಲ್ತಾನ ಜಮ್ಷಿದ್ ಬಿನ್ ಅಬ್ದುಲ್ಲಾ ತನ್ನ ಹಡಗು ಹತ್ತಿ ದಾರ್ ಎಸ್ ಸಲಾಮಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಅಲ್ಲಿಂದ ಇಂಗ್ಲೆಂಡಿಗೆ ಓಡಿದ ಒಂದು ಪಾರ್ಸಿ ಕುಟುಂಬದ ಹುಡುಗ ಫರ್ರೂಖ್ ಬುಲ್ಸಾರಾ. ಮುಂದೆ ಜಗತ್ತು ಅವನನ್ನು ಫ್ರೆಡ್ಡಿ ಮರ್ಕ್ಯುರಿ ಅಂತ ಕರೆಯಿತು.

ಸಾಮಾನ್ಯ ಜನ ಸಿಕ್ಕ ದೋಣಿ ಹತ್ತಿದರು. ಮೊಂಬಾಸಾ, ದುಬೈ, ಕುವೈತ್, ಕೈರೋ... ಎಲ್ಲಿ ನೆಂಟರಿದ್ದರೋ ಅಲ್ಲಿಗೆ. ಒಮಾನಿಗೆ ಯಾಕೆ ನೇರ ಬರಲಿಲ್ಲ ಅಂತ ನೀವು ಕೇಳಬಹುದು. ಕೆಲವರು ಬಂದರು, ನಿಜ. ಆದರೆ ಆಗಿನ ಸುಲ್ತಾನ ಸಯೀದ್ ಬಿನ್ ತೈಮೂರ್ ಹೊರಗಿಂದ ಬರುವವರ ಬಗ್ಗೆ, ಅದರಲ್ಲೂ ಓದಿದವರ ಬಗ್ಗೆ, ಭಾರೀ ಗುಮಾನಿಯ ಮನುಷ್ಯ. ರಾತ್ರಿ ತೋಪು ಹಾರಿಸಿ ಮಸ್ಕತ್ತಿನ ಕೋಟೆಬಾಗಿಲು ಮುಚ್ಚಿಸುತ್ತಿದ್ದ. ಆಮೇಲೆ ಬೀದಿಗೆ ಬರಬೇಕಾದರೆ ಕೈಯಲ್ಲಿ ಲಾಟೀನು ಇರಲೇಬೇಕು. ಇಡೀ ದೇಶಕ್ಕೆ ಮೂರು ಶಾಲೆ, ಹತ್ತು ಕಿಲೋಮೀಟರ್ ಟಾರು ರಸ್ತೆ. ಓದಲು ಹೊರಗೆ ಹೋದ ಸ್ವಂತ ಪ್ರಜೆಗಳಿಗೇ ವಾಪಸ್ ಬರಲು ಬಿಡದವನು ಜಾಂಜಿಬಾರಿನವರಿಗೆ ಬಾಗಿಲು ತೆಗೀತಾನೆಯೇ?

ಈಗ ಅಸಲು ವಿಷಯ. ಮಸ್ಕತ್ತಿನಲ್ಲಿ ಯಾರನ್ನೇ ಕೇಳಿ, "ಸುಲ್ತಾನ್ ಕಾಬೂಸ್ ಕರೆದರು, ಇವರು ಬಂದರು" ಅಂತಾರೆ. ಸುಳ್ಳಲ್ಲ. ಆದರೆ 1964ರಿಂದ 1970ರವರೆಗಿನ ಆರು ವರ್ಷ ಇವರನ್ನು ಬದುಕಿಸಿಟ್ಟವರು ಯಾರು? ಯಾವ ಸರಕಾರವೂ ಮುಂದೆ ನಿಂತು ಹೊರಲಿಲ್ಲ. ಹೆಚ್ಚಿನ ಭಾರ ಹೊತ್ತದ್ದು ಮೊಂಬಾಸಾದಲ್ಲಿ ಮನೆಯ ಒಂದು ಕೋಣೆ ಬಿಟ್ಟುಕೊಟ್ಟ ಚಿಕ್ಕಪ್ಪ, ದುಬೈನಲ್ಲಿ ಕೆಲಸ ಹುಡುಕಿಕೊಟ್ಟ ಸೋದರಳಿಯ, ಇಂಥವರು. ಮಸ್ಕತ್ತಿನಲ್ಲೇ ಯಾರಾದರೂ ದನಿಯೆತ್ತೋಣವೆಂದರೆ ಒಂದು ಪತ್ರಿಕೆಯೂ ಇರಲಿಲ್ಲ. ದನಿಯೆತ್ತಿದ್ದು ದೂರದ ಇಂಗ್ಲೆಂಡಿನ ಕಡಲತೀರದಲ್ಲಿ. ಪೋರ್ಟ್ಸ್‌ಮತ್ ಪಕ್ಕದ ಸೌತ್‌ಸೀಯಲ್ಲಿ ಅಹ್ಮದ್ ಸೈಫ್ ಖರೂಸಿ ಎಂಬಾತ 'ಜಾಂಜಿಬಾರ್ ಆರ್ಗನೈಸೇಶನ್' ಕಟ್ಟಿಕೊಂಡು ಕಿರುಪುಸ್ತಕ ಬರೆದು ಹಂಚುತ್ತಿದ್ದರು. 1967ರದ್ದಕ್ಕೆ ಕೊಟ್ಟ ಹೆಸರಿನ ಅರ್ಥ 'ಜಾಂಜಿಬಾರ್: ಆಫ್ರಿಕಾದ ಮೊದಲ ಕ್ಯೂಬಾ', 1969ರದ್ದು ಜಾಂಜಿಬಾರಿನ ಸಂಕಟ ಅನ್ನೋ ಹೆಸರಿನದು. ಮೊದಲನೆಯದರ ಹೆಸರಿನಲ್ಲೇ ಅದು ಯಾರ ಕಿವಿಗೆ ಹೇಳಿದ್ದು ಅಂತ ಗೊತ್ತಾಗುತ್ತೆ ಅಲ್ವಾ? ಶೀತಲ ಸಮರದ ಕಾಲ. ಮನೆಮಠ ಕಳಕೊಂಡೆವು ಅಂದರೆ ಲಂಡನ್ನು, ವಾಷಿಂಗ್ಟನ್ನು ತಿರುಗಿ ನೋಡಲ್ಲ, ಕ್ಯೂಬಾ ಅಂದರೆ ನೋಡಬಹುದು. ಇದು ನನಗೆ ಅಷ್ಟು ಹಿಡಿಸಿದ ದಾರಿಯಲ್ಲ. ಅದರಲ್ಲಿ ಗುಲಾಮರ ಮೊಮ್ಮಕ್ಕಳ ಸಿಟ್ಟಿಗೆ ಜಾಗವೇ ಸಿಗದು. ಆದರೂ 1970ರ ಸೆಪ್ಟೆಂಬರಿನಲ್ಲಿ ಜಾಂಜಿಬಾರಿನ ಇರಾನಿ ಮೂಲದ ನಾಲ್ವರು ಹುಡುಗಿಯರಿಗೆ ಕ್ರಾಂತಿ ಮಂಡಳಿಯವರ ಜತೆ ಬಲವಂತದ ಮದುವೆಯಾದಾಗ ಹೊರಗೆ ಗದ್ದಲವೆದ್ದಿತು. ದ್ವೀಪದ ಒಳಗೆ ಬಾಯಿಬಿಡುವಂತಿರಲಿಲ್ಲ. ಹೊರಗೆ ಕೂತು ಬರೆಯುವವರು ಎಷ್ಟು ಬೇಕಿತ್ತು ಅನ್ನೋದು ಅಂಥ ಹೊತ್ತಿನಲ್ಲಿ ತಿಳಿಯುತ್ತೆ.

1970ರ ಜುಲೈ 23ಕ್ಕೆ ಕಾಬೂಸ್ ಅಪ್ಪನನ್ನು ಇಳಿಸಿ ಗದ್ದುಗೆಯೇರಿದರು. ಹೊರಗಿರುವ ಒಮಾನಿಗಳು ಬನ್ನಿ ಅಂತ ಕರೆದರು. ಇದು ಬರೀ ಔದಾರ್ಯ ಅಂತ ನಾನು ನಂಬಲ್ಲ. 1967ರಿಂದ ತೈಲ ರಫ್ತಾಗುತ್ತಿತ್ತು, ದುಡ್ಡಿತ್ತು; ಕಚೇರಿ ನಡೆಸುವವರು ಇರಲಿಲ್ಲ. ಜಿಂಜಿಬಾರಿಗಳಿಗೆ ಇಂಗ್ಲಿಷ್ ಬರುತ್ತಿತ್ತು, ಓದಿದ ಹೆಣ್ಣುಮಕ್ಕಳಿದ್ದರು. ತೈಲ ಕಂಪನಿ, ಶಾಲೆ, ಆಸ್ಪತ್ರೆ, ಬ್ಯಾಂಕು, ಎಲ್ಲ ಕಡೆ ಇವರೇ ಕೂತರು. ಅರಬ್ಬಿ ಸರಿಯಾಗಿ ಬರದವರು ಸರಕಾರ ನಡೆಸ್ತಿದ್ದಾರೆ ಅಂತ ಸ್ಥಳೀಯರ ಗೊಣಗಾಟವೂ ಆಗಲೇ ಶುರುವಾದದ್ದು.

ಪೌರತ್ವ ಸಿಗಬೇಕಾದರೆ ತನ್ನ ಕಬೀಲೆ ಯಾವುದು ಅಂತ ತೋರಿಸಬೇಕು. ಆ ಕಬೀಲೆಯ ಶೇಖ್ 'ಹೌದು, ಇವನು ನಮ್ಮವನು' ಅಂತ ಸಾಕ್ಷಿ ಹೇಳಬೇಕು. ನೂರು ವರ್ಷ ಹಿಂದೆ ಊರು ಬಿಟ್ಟವರ ಮೊಮ್ಮಗನನ್ನು ಗುರುತಿಸುವವರು ಯಾರು? ಇಲ್ಲಿ ಮತ್ತೆ ಕೆಲಸಕ್ಕೆ ಬಂದದ್ದು ಜನರೇ: ಹಳ್ಳಿಯ ಮುದುಕರ ನೆನಪು, ಯಾವುದೋ ಕಾಗದ, ಖರ್ಜೂರದ ತೋಟದಲ್ಲಿ ಅಜ್ಜನ ಪಾಲು. ಆಫ್ರಿಕನ್ ತಾಯಿಯಿದ್ದರೂ ತಂದೆಯ ಕಬೀಲೆ ಗೊತ್ತಿದ್ದರೆ ದಾರಿಯಿತ್ತು. ಕಬೀಲೆಯೇ ಇಲ್ಲದ ಜಾಂಜಿಬಾರಿಗನಿಗೆ, ಅವನೂ ಅದೇ ರಾತ್ರಿ ಅದೇ ದೋಣಿಯಲ್ಲಿ ಓಡಿಬಂದಿದ್ದರೂ, ಆ ಕರೆ ಅಲ್ಲ.

ಇದನ್ನು ಓದುವಾಗ ನನಗೆ ನಮ್ಮ ಬೈಲುಕುಪ್ಪೆ ನೆನಪಾಗ್ತಾ ಇತ್ತು. ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಒಮಾನ್ ಸಹಿ ಹಾಕಿಲ್ಲ, ಭಾರತವೂ ಹಾಕಿಲ್ಲ. ಆದರೂ ಮೈಸೂರು ರಾಜ್ಯ 1960ರಲ್ಲಿ ಪಿರಿಯಾಪಟ್ಟಣ ತಾಲೂಕಿನಲ್ಲಿ ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟವರು ನಿಜಲಿಂಗಪ್ಪನವರು ಅಂತ ಎಲ್ಲರ ಬಾಯಲ್ಲೂ ಇದೆ. 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನೆನಪು ಒಂದು ಹೆಸರನ್ನು ಹಿಡಿದುಕೊಂಡುಬಿಡುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಟಿಬೆಟಿಯನ್ನರಿಗೆ ನಾವು ನೆಂಟರಲ್ಲ, ಕುಲಗೋತ್ರ ಯಾರೂ ಕೇಳಲಿಲ್ಲ. ಭೂಮಿ ಸಿಕ್ಕಿತು, ಪೌರತ್ವದ ಮಾತು ಬರಲಿಲ್ಲ. ಮಸ್ಕತ್ತಿನಲ್ಲಿ ಕುಲವನ್ನೇ ಕೇಳಿದರು, ಹೇಳಿದವರಿಗೆ ಪೂರ್ತಿ ಪೌರತ್ವ ಕೊಟ್ಟರು. ಇಲ್ಲಿ ವೀಸಾ ಮೇಲೆ ಇರುವ ನನ್ನಂಥವನಿಗೆ ಎರಡರಲ್ಲಿ ಯಾವುದು ಮೇಲು ಅಂತ ಹೇಳೋದು ಕಷ್ಟ.

ಎಲ್ಲರಿಗಿಂತ ತಡವಾಗಿ ಬಂದವರಲ್ಲಿ ರಾಜಕೀಯದವರೇ ಇದ್ದರು. ಜಾಂಜಿಬಾರಿನ ವಿದೇಶಾಂಗ ಮಂತ್ರಿಯಾಗಿದ್ದ ಅಲಿ ಮುಹ್ಸಿನ್ ಅಲ್-ಬರ್ವಾನಿ ಹತ್ತು ವರ್ಷ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ ಕೀನ್ಯಾಕ್ಕೆ ದಾಟಿದರು. 2006ರಲ್ಲಿ ತೀರಿಕೊಂಡದ್ದು ಮಸ್ಕತ್ತಿನಲ್ಲಿ. ಸುಲ್ತಾನ ಜಮ್ಷಿದರ ಅರ್ಜಿಯನ್ನಂತೂ ಒಮಾನ್ ದಶಕಗಳ ಕಾಲ ಒಪ್ಪಲೇ ಇಲ್ಲ. 2020ರಲ್ಲಿ, ಮಾಜಿ ಸುಲ್ತಾನ ಅಂತಲ್ಲ, ರಾಜಮನೆತನದ ನೆಂಟ ಅಂತ ಒಳಗೆ ಬಿಟ್ಟರು. ಆಗ ಅವರಿಗೆ ತೊಂಬತ್ತು ದಾಟಿತ್ತು. 2024ರ ಡಿಸೆಂಬರ್ 30ರಂದು ಅವರೂ ಇಲ್ಲೇ ತೀರಿಕೊಂಡರು.