ನೋವಿಗೊಂದು ಪದಕೋಶ ಬಂದ ಕಥೆ

1950ರ ದಶಕ. ಅಮೆರಿಕದ ಆರೆಗಾನ್‌ನಲ್ಲಿ ವೈದ್ಯ ವಿಲಿಯಂ ಲಿವಿಂಗ್‌ಸ್ಟನ್ ಅವರ ನೋವಿನ ಕ್ಲಿನಿಕ್‌ಗೆ 70 ದಾಟಿದ ಮಹಿಳೆಯೊಬ್ಬರು ಬರುತ್ತಿದ್ದರು. ಮಧುಮೇಹದಿಂದ ಗ್ಯಾಂಗ್ರೀನ್ ಆಗಿ ಕಾಲು ತೆಗೆಯಲಾಗಿತ್ತು. ಆದರೂ ಇಲ್ಲದ ಆ ಕಾಲು ನೋಯುತ್ತಿತ್ತು! ಅಲ್ಲಿದ್ದ ಯುವ ಮನಃಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಆಕೆಯ ಮಾತು ಕೇಳುತ್ತಾ ಕುಳಿತರು. ಉರಿ, ಸೆಳೆತ ಎಂದು ಆಕೆ ನೋವನ್ನು ಬಣ್ಣಿಸುತ್ತಿದ್ದ ಪದಗಳನ್ನು ಬರೆದಿಟ್ಟುಕೊಂಡರು. ಆಮೇಲೆ ಬೇರೆ ರೋಗಿಗಳ ಪದಗಳನ್ನೂ ಕೂಡಿಸತೊಡಗಿದರು.

ಆ ಸಂಗ್ರಹವೇ ಮುಂದೆ 1975ರಲ್ಲಿ ‘ಮೆಕ್‌ಗಿಲ್ ನೋವಿನ ಪ್ರಶ್ನಾವಳಿ’ಯಾಗಿ ಪ್ರಕಟವಾಯಿತು. ಅದರಲ್ಲಿ 20 ಗುಂಪುಗಳು, 78 ಪದಗಳು. ಚುಚ್ಚುವ, ಸುಡುವ, ಹಿಂಡುವ ಎಂಬ ದೇಹದ ಪದಗಳ ಜೊತೆಗೆ ದಣಿಸುವ, ಹೆದರಿಸುವ, ಹಿಂಸಿಸುವ ಎಂಬ ಮನಸ್ಸಿನ ಪದಗಳಿಗೂ ಜಾಗ ಸಿಕ್ಕಿತು.

ಇದಕ್ಕೆ ವಿಜ್ಞಾನದ ಆಧಾರವೂ ಇತ್ತು. 1965ರಲ್ಲಿ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಮಂಡಿಸಿದ್ದರು. ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಬಾಗಿಲಿನಂಥ ವ್ಯವಸ್ಥೆಯಿದೆ. ಮೆದುಳಿನಿಂದ ಇಳಿದು ಬರುವ ಸಂಕೇತಗಳು ಆ ಬಾಗಿಲನ್ನು ತೆರೆಯಲೂ ಮುಚ್ಚಲೂ ಬಲ್ಲವು ಎಂದು ಅವರ ವಾದ. ಅಂದರೆ ಆತಂಕ, ಬೇಸರ, ನೆನಪು ಎಲ್ಲವೂ ನೋವಿನ ಲೆಕ್ಕಕ್ಕೆ ಸೇರುತ್ತವೆ. 1979ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ನೋವನ್ನು ಇಂದ್ರಿಯಾನುಭವವೂ ಭಾವನಾತ್ಮಕ ಅನುಭವವೂ ಹೌದೆಂದು ವ್ಯಾಖ್ಯಾನಿಸಿತು. ನೋವಿದೆ ಎನ್ನುವವರ ಮಾತನ್ನು ಗೌರವಿಸಬೇಕು, ಹೇಳಿಕೊಳ್ಳಲಾಗದವರಿಗೂ ನೋವಿರಬಹುದು ಎಂದು 2020ರ ಪರಿಷ್ಕರಣೆ ಸ್ಪಷ್ಟಪಡಿಸಿತು.

ಹೊರನಾಡಿನಲ್ಲಿರುವ ನಮಗೆ ಈ ಇತಿಹಾಸ ಬಹಳ ಹತ್ತಿರದ್ದು. ಮಕ್ಕಳ ಜೊತೆಗಿರಲು ಪುಣೆಗೋ ಹೈದರಾಬಾದಿಗೋ ಬಂದ ಅಮ್ಮ, ಅತ್ತೆಯರ ಬಳಿ ಪದಗಳಿಗೆ ಬರವಿಲ್ಲ. ಚಳುಕು, ಜೋಮು, ಉರಿ, ಸೆಳೆತ, ಮುಳ್ಳು ಚುಚ್ಚಿದ ಹಾಗೆ! ವೈದ್ಯರ ಮುಂದೆ ಇವೆಲ್ಲ ‘ದರ್ದ್ ಹೈ’ ಆಗಿಬಿಡುತ್ತವೆ. ನಮ್ಮ ಐಟಿಯವರ ಮಾತಿನಲ್ಲಿ ಹೇಳುವುದಾದರೆ ಡೇಟಾ ಲಾಸ್. ಉರಿ, ಜೋಮು ನರದ ತೊಂದರೆಯ ಸುಳಿವಾಗಿರಬಹುದು. ಬೆಳಗಿನ ಬಿಗಿತ ಕೀಲಿನದ್ದಿರಬಹುದು. ‘ಹಗಲೆಲ್ಲ ಒಬ್ಬಳೇ, ಸಾಕಾಗಿದೆ’ ಎಂಬ ಮಾತಂತೂ ಅನುವಾದವಾಗುವುದೇ ಅಪರೂಪ.

ಮೂರು ತಿಂಗಳು ಮೀರಿದ ನೋವನ್ನು ವೈದ್ಯಕೀಯವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ‘ವಯಸ್ಸಾಯ್ತಲ್ಲ’ ಎಂಬುದು ಅದಕ್ಕೆ ಉತ್ತರವಲ್ಲ. ಗೆಳತಿಯರೇ, ಮುಂದಿನ ಸಲ ಆಸ್ಪತ್ರೆಗೆ ಹೊರಡುವ ಮುನ್ನ ಹತ್ತು ನಿಮಿಷ ಅವರೊಡನೆ ಕುಳಿತು ಕೇಳಿ. ಅವರ ಪದಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ನಿದ್ದೆ ಬಾರದ್ದು, ಊರು ನೆನಪಾಗುವುದು, ಯಾರೂ ಮಾತಿಗೆ ಸಿಗದ್ದು, ಎಲ್ಲವನ್ನೂ ವೈದ್ಯರಿಗೆ ತಿಳಿಸಿ.